ಮಾರ್ಗದರ್ಶಿ ನಾಯಿಗೆ ಎಷ್ಟು ಖರ್ಚು? ಹೊಸಪೇಟೆ ಸೀಮೆಯ ಲೆಕ್ಕ

ಶೇ 75ಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ರಾಜ್ಯ ಸರ್ಕಾರ ಕೊಡುವ ಮಾಸಾಶನ 1,400 ರೂ. ಸುಮಾರು 30 ಕೆ.ಜಿ. ತೂಗುವ ಲ್ಯಾಬ್ರಡಾರ್ ನಾಯಿಯ ಊಟ, ಔಷಧಕ್ಕೆ ತಿಂಗಳಿಗೆ 4,000 ರೂ. ಬೇಕು. ಅಂಧರಿಗೆ ದಾರಿ ತೋರುವ ನಾಯಿಯನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯಲ್ಲಿ ತಯಾರು ಮಾಡಬಹುದೇ ಎಂದು ಕೇಳುವವರು ಈ 2,600 ರೂಪಾಯಿ ವ್ಯತ್ಯಾಸಕ್ಕೆ ಮೊದಲು ಉತ್ತರ ಹುಡುಕಬೇಕು.

ಎಷ್ಟು ಜನಕ್ಕೆ ಬೇಕು?

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13,24,205 ವಿಕಲಚೇತನರಿದ್ದಾರೆ. ಅವರಲ್ಲಿ ದೃಷ್ಟಿ ಸಮಸ್ಯೆ ಇರುವವರು 2,64,170, ಅಂದರೆ ಜನಸಂಖ್ಯೆಯ ಶೇ 0.43. ಹೊಸಪೇಟೆ ನಗರದ ಅಂದಿನ ಜನಸಂಖ್ಯೆ 2,06,167. ಅದೇ ಪ್ರಮಾಣ ಹಿಡಿದರೆ ನಗರವೊಂದರಲ್ಲೇ ಸುಮಾರು 890 ಮಂದಿ.

ಇವರೆಲ್ಲರಿಗೂ ನಾಯಿ ಬೇಕಿಲ್ಲ. ಅಮೆರಿಕದಲ್ಲೂ ದೃಷ್ಟಿ ಸಮಸ್ಯೆ ಇರುವವರ ಪೈಕಿ ನಾಯಿ ಬಳಸುವವರು ಶೇ 2ರ ಆಸುಪಾಸು ಎಂಬುದು ಅಲ್ಲಿನ ತರಬೇತಿ ಶಾಲೆಗಳದೇ ಅಂದಾಜು. ಆ ಲೆಕ್ಕಕ್ಕೆ ಹೊಸಪೇಟೆ ನಗರಕ್ಕೆ 18 ನಾಯಿ ಸಾಕು. ಸಂಡೂರು, ಕಂಪ್ಲಿ ಸೇರಿಸಿದರೂ ಬೇಡಿಕೆ ಕೆಲವೇ ಹತ್ತುಗಳಲ್ಲಿ ನಿಲ್ಲುತ್ತದೆ.

ಹತ್ತು ಮರಿಗಳ ಲೆಕ್ಕ

ಮರಿಯನ್ನು ಸುಮಾರು ಒಂದು ವರ್ಷ ಮನೆಯೊಂದರಲ್ಲಿ ಸಾಕಿ, ಜನ, ವಾಹನ, ಸದ್ದುಗದ್ದಲಕ್ಕೆ ಒಗ್ಗಿಸಿ, ಆಮೇಲೆ ನಾಲ್ಕರಿಂದ ಆರು ತಿಂಗಳು ಪೂರ್ಣಾವಧಿ ತರಬೇತಿ ಕೊಡುವುದು ರೂಢಿ. ಕೊನೆಯ ಮೂರು-ನಾಲ್ಕು ವಾರ ನಾಯಿ ಮತ್ತು ಅದರ ಒಡೆಯರು ಒಟ್ಟಿಗೆ ಕಲಿಯುತ್ತಾರೆ. ಮಾಲೀಕರೇ ತರಬೇತಿ ಕೊಡುವ ಬೇರೆ ಬಗೆಯ ಸಹಾಯಕ ನಾಯಿಗಳಿಗೂ ಕನಿಷ್ಠ ಆರು ತಿಂಗಳಲ್ಲಿ 120 ಗಂಟೆ ತರಬೇತಿ, ಅದರಲ್ಲಿ 30 ಗಂಟೆ ಸಾರ್ವಜನಿಕ ಜಾಗಗಳಲ್ಲಿ ಆಗಬೇಕೆಂಬುದು ಇಂಥ ನಾಯಿ ಬಳಸುವವರ ಅಂತಾರಾಷ್ಟ್ರೀಯ ಸಂಘದ ಮಾನದಂಡ.

ಹತ್ತು ಮರಿಗಳ ಒಂದು ತಂಡವನ್ನು 18 ತಿಂಗಳು ಸಾಕಿ ಕಲಿಸುವುದಾದರೆ ಖರ್ಚು ಹೀಗಾಗಬಹುದು. ಕೆಳಗಿನ ದರಗಳು ಲೆಕ್ಕದ ಸಲುವಾಗಿ ಇಟ್ಟುಕೊಂಡವು.

- ಮರಿಗಳ ಖರೀದಿ, ತಲಾ 15,000 ರೂ.: 1,50,000
- ಆಹಾರ, ದಿನಕ್ಕೆ 350 ಗ್ರಾಂ, ಕೆ.ಜಿ.ಗೆ 250 ರೂ., 540 ದಿನ: 4,72,500
- ಲಸಿಕೆ, ಜಂತುನಾಶಕ, ಸಂತಾನಹರಣ ಶಸ್ತ್ರಚಿಕಿತ್ಸೆ, ತಲಾ 15,000 ರೂ.: 1,50,000
- ಇಬ್ಬರು ತರಬೇತುದಾರರು, ತಿಂಗಳಿಗೆ ತಲಾ 30,000 ರೂ.: 10,80,000
- ಒಬ್ಬ ಸಹಾಯಕ, ತಿಂಗಳಿಗೆ 15,000 ರೂ.: 2,70,000
- ಗೂಡು, ಓಡಾಟ, ಪಟ್ಟಿ-ಹಿಡಿಕೆ: 3,00,000

ಒಟ್ಟು 24,22,500 ರೂ. ಇದರಲ್ಲಿ ಸಂಬಳವೇ 13,50,000, ಅಂದರೆ ಶೇ 56. ಮರಿಗಳ ಬೆಲೆ ಶೇ 6 ಮಾತ್ರ. ಯಾರಾದರೂ ಹತ್ತೂ ಮರಿಗಳನ್ನು ಪುಕ್ಕಟೆ ಕೊಟ್ಟರೂ ಲೆಕ್ಕ ಹೆಚ್ಚೇನೂ ಇಳಿಯದು.

ಹತ್ತಿರದ ಮುಧೋಳ ನಾಯಿ ಇರುವಾಗ ಲ್ಯಾಬ್ರಡಾರ್ ಏಕೆ ಎಂಬ ಪ್ರಶ್ನೆ ಸಹಜ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಮುಧೋಳ ತಳಿಯ ಸಂಶೋಧನಾ ಕೇಂದ್ರವಿದೆ. ಸೇನೆಯೂ ಈ ತಳಿಯನ್ನು ಪಡೆದು ಪಳಗಿಸಿದೆ. ಆದರೆ ಅದು ಓಡುವ ಬೇಟೆಯನ್ನು ಕಣ್ಣಲ್ಲೇ ಹಿಡಿದು ಬೆನ್ನಟ್ಟಲು ಬೆಳೆದ ನಾಯಿ. ಕೋತಿಗಳು ಜಿಗಿದಾಡುವ ಹಂಪಿಯಲ್ಲಿ ದಾರಿ ತೋರುವ ಕೆಲಸಕ್ಕೆ ಆ ಗುಣವೇ ಅಡ್ಡಿ.

ಪಾಸಾಗುವವು ಎಷ್ಟು?

ನಾಯಿಯ ನಿಜವಾದ ಬೆಲೆ ತೀರ್ಮಾನವಾಗುವುದು ಇಲ್ಲಿ. ನುರಿತ ಶಾಲೆಗಳಲ್ಲೂ ಸೇರಿದ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಕೊನೆ ಮುಟ್ಟುತ್ತವೆ. ಬೆದರುವ ಸ್ವಭಾವ, ಸೊಂಟದ ಕೀಲಿನ ತೊಂದರೆ, ಬೇರೆ ನಾಯಿ ಕಂಡರೆ ಗಮನ ತಪ್ಪುವುದು ಉಳಿದವನ್ನು ಹೊರಹಾಕುತ್ತವೆ. ಹತ್ತರಲ್ಲಿ ಏಳು ಪಾಸಾದರೆ ನಾಯಿಯೊಂದಕ್ಕೆ 3,46,000 ರೂ. ಐದಾದರೆ 4,84,500. ಮೂರೇ ಆದರೆ 8,07,500.

ಐದರ ಲೆಕ್ಕವನ್ನೇ ಹಿಡಿಯೋಣ. ನಾಯಿ ಎಂಟು ವರ್ಷ ದುಡಿದರೆ ತರಬೇತಿ ಖರ್ಚು ತಿಂಗಳಿಗೆ 5,047 ರೂಪಾಯಿಯಂತೆ ಬೀಳುತ್ತದೆ. ದೊಡ್ಡ ನಾಯಿಗೆ ತಿಂಗಳಿಗೆ 12 ಕೆ.ಜಿ. ಆಹಾರಕ್ಕೆ 3,000, ಲಸಿಕೆ ಮತ್ತು ಉಣ್ಣೆ ಔಷಧಕ್ಕೆ 1,000 ಸೇರಿಸಿದರೆ 9,047 ರೂ. ಮನೆಯಲ್ಲೇ ಅನ್ನ, ಮೊಟ್ಟೆ, ಕೋಳಿ ಬೇಯಿಸಿ ಹಾಕಿ ಆಹಾರದ ಖರ್ಚನ್ನು ಅರ್ಧಕ್ಕೆ ಇಳಿಸಿದರೂ ಸಾಕಣೆಗೇ 2,500 ರೂ. ಬೇಕು. ಮಾಸಾಶನ ಅಷ್ಟಿಲ್ಲ.

1929ರಲ್ಲಿ ಶುರುವಾದ ಅಮೆರಿಕದ ಸೀಯಿಂಗ್ ಐ ಶಾಲೆ ಮೊದಲ ನಾಯಿಗೆ 150 ಡಾಲರ್, ಮುಂದಿನವಕ್ಕೆ 50 ಡಾಲರ್, ಮಾಜಿ ಸೈನಿಕರಿಗೆ 1 ಡಾಲರ್ ಮಾತ್ರ ಪಡೆಯುತ್ತದೆ. ಸಾವಿರಾರು ಡಾಲರ್‌ಗಳ ಉಳಿದ ಖರ್ಚು ದಾನಿಗಳದು. ನಾಯಿ ಪಡೆಯುವವರು ಪೂರ್ತಿ ಬೆಲೆ ತೆರುವ ಪದ್ಧತಿಯನ್ನು ಶ್ರೀಮಂತ ದೇಶವೂ ಇಟ್ಟುಕೊಂಡಿಲ್ಲ.

ಬಿಸಿಲು, ಬೀದಿ, ಬಸ್ಸು

ಗಾಳಿಯ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ಇದ್ದಾಗಲೇ ಬಿಸಿಲಿಗೆ ಬಿದ್ದ ಡಾಂಬರು 52 ಡಿಗ್ರಿಯವರೆಗೆ ಕಾಯಬಲ್ಲದು. ಬಳ್ಳಾರಿ ಸೀಮೆಯ ಬೇಸಿಗೆ 40 ದಾಟುತ್ತದೆ. ಏಪ್ರಿಲ್, ಮೇ ತಿಂಗಳ ನಡುಹಗಲಲ್ಲಿ ನಾಯಿಯ ಅಂಗಾಲು ರಸ್ತೆಗೆ ತಾಗುವಂತಿಲ್ಲ. ಕೆಲಸವೇನಿದ್ದರೂ ಮುಂಜಾನೆ, ಸಂಜೆ.

2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಬೀದಿನಾಯಿಗಳು 11.41 ಲಕ್ಷ. ಪಟ್ಟಿ ಕಟ್ಟಿಕೊಂಡು ತಲೆಬಗ್ಗಿಸಿ ನಡೆಯುವ ನಾಯಿಯ ಮೇಲೆ ಓಣಿಯ ಹಿಂಡು ಒಮ್ಮೆ ಎರಗಿದರೆ ತಿಂಗಳುಗಳ ಕಲಿಕೆ ಹಾಳಾಗಬಹುದು. ಹೀಗಾಗಿ ಬೆಂಗಳೂರಿನ ಪಾದಚಾರಿ ಮಾರ್ಗದಲ್ಲಿ ಕಲಿತ ನಾಯಿ ಕಂಪ್ಲಿಯ ಸಂತೆಗೆ ಒದಗದು. ಕೊನೆಯ ವಾರಗಳ ಅಭ್ಯಾಸ ಒಡೆಯರ ಊರಲ್ಲೇ ಆಗಬೇಕು.

ಬಸ್ಸಿನ ಲೆಕ್ಕ ಇನ್ನೊಂದು. ಅಂಧರಿಗೆ ರಾಜ್ಯದ ಸಾರಿಗೆ ಬಸ್ಸಿನಲ್ಲಿ ಉಚಿತ ಪಾಸ್ ಇದೆ. ನಾಯಿಗೆ ಪೂರ್ತಿ ಟಿಕೆಟ್ ಪಡೆಯುತ್ತಿದ್ದ ಕೆಎಸ್‌ಆರ್‌ಟಿಸಿ 2022ರಲ್ಲಿ ಅದನ್ನು ಅರ್ಧಕ್ಕೆ ಇಳಿಸಿತು.

ಹಣ ಎಲ್ಲಿಂದ?

ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಓಡಾಟಕ್ಕೆ ಬೇಕಾದ ಸಲಕರಣೆಯ ಜತೆಗೆ 'ಸಜೀವ ನೆರವ'ನ್ನೂ ಕೈಗೆಟಕುವ ಬೆಲೆಗೆ ಒದಗಿಸಬೇಕೆಂದು ಅದರ 20ನೇ ವಿಧಿ ಹೇಳುತ್ತದೆ.

ಸಂಡೂರಿನ ಕಬ್ಬಿಣದ ಅದಿರಿನಿಂದ ಬರುವ ಹಣ ಇಲ್ಲಿ ನೆನಪಾಗಬೇಕು. 2015ರ ಕಾಯ್ದೆ ತಿದ್ದುಪಡಿಯಂತೆ ಹಳೆಯ ಗಣಿ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇ 10ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಆ ನಿಧಿಯ ಆದ್ಯತಾ ಪಟ್ಟಿಯಲ್ಲಿ ವೃದ್ಧರು ಮತ್ತು ವಿಕಲಚೇತನರ ಕಲ್ಯಾಣವೂ ಇದೆ. ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗೆ ತೆಗೆದಿಡುವ ಶೇ 5ರ ಅನುದಾನ ಬೇರೆ.

ಐದು ನಾಯಿಗಳ ತರಬೇತಿಗೆ 24.22 ಲಕ್ಷ, ಎಂಟು ವರ್ಷದ ಸಾಕಣೆಗೆ 19.20 ಲಕ್ಷ, ಒಟ್ಟು 43.42 ಲಕ್ಷ ರೂ. ಶೇ 44ರಷ್ಟು ಖರ್ಚು ಬರುವುದು ಹಸ್ತಾಂತರ ಸಮಾರಂಭ ಮುಗಿದ ಮೇಲೆ. ತರಬೇತಿಗೆ ಮಂಜೂರಾತಿ ಕೊಡುವವರು ಅದೇ ಕಡತದಲ್ಲಿ ವರ್ಷಕ್ಕೆ 2.40 ಲಕ್ಷದ ಸಾಕಣೆ ವೆಚ್ಚಕ್ಕೂ ಎಂಟು ವರ್ಷದ ಒಪ್ಪಿಗೆ ಕೊಡಬೇಕು. ಅದಾಗದಿದ್ದರೆ ಕೆಲವು ನೂರು ರೂಪಾಯಿಯ ಬಿಳಿ ಕೋಲು ಕೊಟ್ಟು, ಅದನ್ನು ಹಿಡಿದು ನಡೆಯಲು ಕಲಿಸುವ ಒಬ್ಬ ಶಿಕ್ಷಕರನ್ನು ನೇಮಿಸುವುದೇ ಮೇಲು. ಮುಂದೆ ನಾಯಿ ಪಡೆಯುವವರಿಗೂ ಕೋಲಿನ ಆ ಕಲಿಕೆ ಮೊದಲು ಬೇಕೇ ಬೇಕು. ಆ ಹಣ ವ್ಯರ್ಥವಾಗುವುದಿಲ್ಲ.