ಹಳೆಯ ಪಾಲಿಯೋ: ಸಾಕುವುದೋ, ಗುಜರಿಗೆ ಹಾಕುವುದೋ?

ನಮ್ಮ ಮನೆಯ ಅಂಗಳದ ಮೂಲೆಯಲ್ಲಿ, ಅಡಿಕೆ ಒಣಗಿಸುವ ಜಾಗದ ಪಕ್ಕ, ಶೀಟಿನ ಮಾಡಿನ ಕೆಳಗೆ ಒಂದು ಕೆಂಪು ಕಾರು ನಿಂತಿದೆ. 2003ರ ಮಾದರಿಯ ಫಿಯಟ್ ಪಾಲಿಯೋ 1.6 ಜಿಟಿಎಕ್ಸ್. ನಮ್ಮ ಅಣ್ಣ ಗಲ್ಫಿನಲ್ಲಿದ್ದಾಗ, 2008ರ ರಜೆಯಲ್ಲಿ ಊರಿಗೆ ಬಂದು ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು. ಅದರ ಹೆಸರು ಕೇಳಿದ ಅಮ್ಮ, "ಪೋಲಿಯೋ ಅಂತ ಯಾರಾದರೂ ಕಾರಿಗೆ ಹೆಸರಿಡುತ್ತಾರೆಯೇ?" ಎಂದು ಕೇಳಿದ್ದರು. ಇಂದಿಗೂ ನೆರೆಕರೆಯವರಿಗೆ ಅದು ಪೋಲಿಯೋ ಕಾರೇ.

ಈ ವರ್ಷ ಅಣ್ಣನ ಮಗನಿಗೆ ಹದಿನೆಂಟು ತುಂಬಿತು. ಲೈಸನ್ಸ್ ಕೈಗೆ ಬಂದ ದಿನವೇ ಅವನು ಕೇಳಿದ್ದು ಆ ಕೆಂಪು ಕಾರಿನ ಕೀಲಿಕೈ. ಅಣ್ಣ ಫೋನಿನಲ್ಲಿ, "ಅದನ್ನು ಗುಜರಿಗೆ ಕೊಟ್ಟುಬಿಡಿ, ಹುಡುಗನ ಕೈಗೆ ಮಾತ್ರ ಕೊಡಬೇಡಿ" ಎಂದ. ಮನೆಯಲ್ಲಿ ಎರಡು ಪಕ್ಷಗಳಾದವು. ಇಂತಹ ಒಂದು ಹಳೆಯ ವಾಹನ, ಅದರ ಮೇಲೆ ಕಣ್ಣಿಟ್ಟ ಒಬ್ಬ ಯುವಕ ನಿಮ್ಮ ಮನೆಯಲ್ಲೂ ಇರಬಹುದು. ಆದುದರಿಂದ ನಾವು ಕಲಿತ ಪಾಠಗಳನ್ನು ಓದುಗರೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಈ ಕಾರಿನಲ್ಲಿ ಅಂಥದ್ದೇನಿದೆ?

ಪಾಲಿಯೋ ಮೊದಲು ಹೊರಬಂದದ್ದು 1996ರಲ್ಲಿ, ಬ್ರೆಜಿಲ್ ದೇಶದಲ್ಲಿ. ಕೆಟ್ಟ ರಸ್ತೆಗಳ ದೇಶಗಳಿಗೂ ಒಗ್ಗುವಂತೆ ಇಟಲಿಯ ಫಿಯಟ್ ಕಂಪನಿ ಅದನ್ನು ರೂಪಿಸಿತ್ತು. ಭಾರತದಲ್ಲಿ ಅದರ ಮಾರಾಟ ಆರಂಭವಾದದ್ದು 2001ರಲ್ಲಿ. ಸಚಿನ್ ತೆಂಡೂಲ್ಕರ್ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡದ್ದು ಹಲವರಿಗೆ ನೆನಪಿರಬಹುದು. ನಮ್ಮ ಕಡೆ 796 ಸಿಸಿಯ ಮಾರುತಿ 800 ಇದ್ದವರೇ ದೊಡ್ಡವರೆನಿಸಿಕೊಂಡಿದ್ದ ಕಾಲ ಅದು. ಆಗ ಜಿಟಿಎಕ್ಸ್‌ನ ಪುಟ್ಟ ದೇಹದೊಳಗೆ ಸುಮಾರು 1,600 ಸಿಸಿಯ, ಹದಿನಾರು ವಾಲ್ವುಗಳ, 100 ಕುದುರೆ ಶಕ್ತಿಯ ಎಂಜಿನ್ ಇತ್ತು. ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದಂತೆ ಸದ್ದು. ತಿರುವುಗಳಲ್ಲಿ ನೆಲವನ್ನು ಕಚ್ಚಿಕೊಂಡು ಹೋಗುವ ಗುಣ. ಪೆಟ್ರೋಲು ಮಾತ್ರ ಮನಸ್ಸಿಟ್ಟು ಕುಡಿಯುತ್ತದೆ. ನಮಗೆ ಲೀಟರಿಗೆ ಹತ್ತು ಕಿಲೋಮೀಟರ್ ಸಿಕ್ಕಿದರೆ ಅದೇ ಹಬ್ಬ.

2020ರಲ್ಲಿ ಬಿಎಸ್-6 ನಿಯಮ ಜಾರಿಗೆ ಬರುವ ಹೊತ್ತಿಗೆ ಫಿಯಟ್ ಹೆಸರಿನ ಕಾರುಗಳ ಮಾರಾಟವೇ ಭಾರತದಲ್ಲಿ ನಿಂತುಹೋಗಿತ್ತು. ಅಂದಮೇಲೆ ಇಂತಹ ಕಾರನ್ನು ಇಟ್ಟುಕೊಳ್ಳುವುದೆಂದರೆ ಆನೆ ಸಾಕಿದ ಹಾಗೆಯೇ. ಆದರೂ ಸಿಯೆನಾ, ಪೆಟ್ರಾ, ಅಡ್ವೆಂಚರ್ ಎಂಬ ಕಾರುಗಳು ಇದೇ ಕುಟುಂಬದವು. ಹಲವು ಬಿಡಿಭಾಗಗಳು ಒಂದರದ್ದು ಇನ್ನೊಂದಕ್ಕೆ ಹೊಂದುತ್ತವೆ. ಇದು ಗೊತ್ತಿದ್ದರೆ ಅಂಗಡಿಯವನು 'ಇಲ್ಲ' ಎಂದಲ್ಲಿಗೇ ಹುಡುಕಾಟ ಮುಗಿಯುವುದಿಲ್ಲ.

ಸಂಪಾಜೆ ಘಾಟಿಯಲ್ಲಿ ಆ ದಿನ

ಒಂದು ಮೇ ತಿಂಗಳಿನಲ್ಲಿ ಅಮ್ಮ, ಅತ್ತಿಗೆ ಮತ್ತು ಮಕ್ಕಳನ್ನು ಕರೆದುಕೊಂಡು ಮಡಿಕೇರಿಗೆ ಹೋಗಿದ್ದೆವು. ಹಿಂದಿರುಗುವಾಗ ಸಂಪಾಜೆ ಘಾಟಿ ಇಳಿಯಬೇಕು. ಮುಂದೆ ಲಾರಿಗಳ ಸಾಲು. ನಾವು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಿದ್ದೆವು. ಅರ್ಧ ದಾರಿಯಲ್ಲಿ ಪೆಡಲ್ ಮೆತ್ತಗಾಯಿತು. ಮತ್ತೊಂದು ತಿರುವಿನಲ್ಲಿ ಒತ್ತಿದರೆ ನೆಲ ಮುಟ್ಟುವಷ್ಟು ಕೆಳಗೆ ಹೋಯಿತು. ಪದೇ ಪದೇ ಒತ್ತಿ, ಗೇರನ್ನು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಿ, ಕೈಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು, ಗುಡ್ಡದ ಬದಿಯ ಚರಂಡಿಗೆ ತಾಗಿಸಿ ನಿಲ್ಲಿಸಿದೆವು. ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದರು. ಅವರಿಗೆ ಏನೂ ತಿಳಿಯಲಿಲ್ಲ. ನಮ್ಮ ಕೈಗಳ ನಡುಕ ಮಾತ್ರ ಬಹಳ ಹೊತ್ತು ನಿಲ್ಲಲಿಲ್ಲ. ಅರ್ಧ ಗಂಟೆ ಕಳೆದು ಎಲ್ಲ ತಣ್ಣಗಾದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಒಂದನೇ ಗೇರಿನಲ್ಲಿ ಆಮೆಯ ಹಾಗೆ ಇಳಿದು ಊರು ಸೇರಿದೆವು.

ತಪ್ಪು ಕಾರಿನದ್ದಲ್ಲ, ನಮ್ಮದು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್-4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕೆಂಬುದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿಯಲ್ಲಿ ನಿರಂತರ ಬ್ರೇಕ್ ಒತ್ತಿದಾಗ ಆಯಿಲ್ ಕುದಿದು ಆವಿಯಾಗುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆದುದರಿಂದ ಕಾಲಿನ ಒತ್ತಡ ಚಕ್ರಕ್ಕೆ ತಲಪುವುದಿಲ್ಲ. ನಾವು ಐದು ವರ್ಷ ಆ ಆಯಿಲ್ ಬದಲಿಸಿರಲಿಲ್ಲ. ಕಾರಿನ ವೇಗದ ಬಗ್ಗೆ ಊರೆಲ್ಲ ಹೊಗಳಿಕೊಂಡಿದ್ದ ನಮಗೆ, ಅದನ್ನು ನಿಲ್ಲಿಸುವ ಕೆಲವು ನೂರು ರೂಪಾಯಿಯ ಎಣ್ಣೆಯ ನೆನಪು ಇರಲಿಲ್ಲ!

ಇಟ್ಟುಕೊಳ್ಳುವವರು ಗಮನಿಸಬೇಕಾದದ್ದು

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಮಾಡಿದ ಪ್ರತಿ ಕೆಲಸದ ದಿನಾಂಕ, ಕಿಲೋಮೀಟರ್, ಖರ್ಚು ಅದರಲ್ಲಿದೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾವಣೆ ತಪ್ಪಿಸುವುದಿಲ್ಲ. ಟಯರಿನ ಮೇಲೆ ಹೂವು ಎಷ್ಟಿದೆ ಎಂದು ನೋಡಿದರೆ ಸಾಲದು, ಅದರ ವಯಸ್ಸನ್ನೂ ನೋಡಬೇಕು. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳೇ ಅದರ ಜನ್ಮಪತ್ರ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಕಡಿಮೆ ಓಡುವ ಕಾರಿನಲ್ಲಿ ಟಯರು ಸವೆಯುವ ಮೊದಲೇ ಮುದಿಯಾಗಿ ಬಿರಿಯುತ್ತದೆ.

ಟೈಮಿಂಗ್ ಬೆಲ್ಟ್ ಇನ್ನೊಂದು. ಹಳೆಯ ಕಾರು ಕೊಂಡಾಗ ಹಿಂದಿನವರು ಅದನ್ನು ಯಾವಾಗ ಬದಲಿಸಿದರೆಂಬ ದಾಖಲೆ ಇಲ್ಲದಿದ್ದರೆ, ಬದಲಿಸಿಲ್ಲವೆಂದೇ ತಿಳಿಯಬೇಕು. ಈ ರಬ್ಬರ್ ಪಟ್ಟಿ ಓಟದಲ್ಲಿ ಕಡಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಬಾಗಿಸುತ್ತದೆ. ಬೆಲ್ಟಿನ ಖರ್ಚು ಸಾವಿರಗಳಲ್ಲಿದ್ದರೆ, ಎಂಜಿನ್ನಿನ ಖರ್ಚು ಹತ್ತಾರು ಸಾವಿರಗಳಲ್ಲಿ.

ನಮ್ಮ ಕಾಸರಗೋಡಿನ ಮಳೆಗಾಲ ಕಾರಿಗೆ ದೊಡ್ಡ ಪರೀಕ್ಷೆ. ಮುಂದಿನ ಗಾಜಿನ ಬುಡದಲ್ಲಿ ಮಾವಿನೆಲೆ, ಹಲಸಿನೆಲೆ ತುಂಬಿ ನೀರಿನ ದಾರಿ ಕಟ್ಟಿದರೆ, ಆ ನೀರು ಕಾರಿನೊಳಗೆ ಇಳಿಯುತ್ತದೆ. ಕಾಲಡಿಯ ಮ್ಯಾಟ್ ಎತ್ತಿ ನೋಡದವರಿಗೆ ತುಕ್ಕು ಕಾಣುವಾಗ ತಡವಾಗಿರುತ್ತದೆ. ಜೂನ್ ತಿಂಗಳಿಗೆ ಮೊದಲು ಆ ಎಲೆ ತೆಗೆಯುವುದು, ಅಡಿಭಾಗ ತೊಳೆದು ತುಕ್ಕುನಿರೋಧಕ ಬಳಿಯುವುದು, ಬ್ಯಾಟರಿಯ ಅರ್ತ್ ವಯರ್ ಬಿಚ್ಚಿ ಉಜ್ಜಿ ಹಾಕುವುದು ನಮ್ಮ ಮನೆಯ ಪದ್ಧತಿಯಾಗಿದೆ. ಇಲಿಗಳ ಕಾಟಕ್ಕೆ ವಾರಕ್ಕೆರಡು ಸಲ ಬಾನೆಟ್ ಎತ್ತಿ ನೋಡುವುದಕ್ಕಿಂತ ಒಳ್ಳೆಯ ಮದ್ದು ನಮಗೆ ಸಿಕ್ಕಿಲ್ಲ.

ಪೆಟ್ರೋಲಿನ ವಿಚಾರವೂ ಇದೆ. 2023ರಿಂದ ನಮ್ಮ ದೇಶದಲ್ಲಿ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲು ಹಂತ ಹಂತವಾಗಿ ಬಂದಿದೆ. ಹಳೆಯ ಕಾರುಗಳ ರಬ್ಬರ್ ಪೈಪು, ಸೀಲುಗಳು ಇದಕ್ಕೆಂದು ತಯಾರಾದವುಗಳಲ್ಲ. ಎಥನಾಲ್ ಕೂಡ ತೇವ ಹೀರುತ್ತದೆ. ಆದುದರಿಂದ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ಹೊಸ ಪೈಪುಗಳಿಗೆ ಬದಲಿಸಿದೆವು. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ಬಿಡುವುದಿಲ್ಲ. ಬಾನೆಟ್ ಬಳಿ ಪೆಟ್ರೋಲಿನ ವಾಸನೆ ಬಂದರೆ ಅಂದು ಕಾರು ಹೊರಡುವುದಿಲ್ಲ, ಅಷ್ಟೇ.

ಹುಡುಗನ ಪಟ್ಟಿ

ಅಣ್ಣನ ಮಗ ಕಾಗದದಲ್ಲಿ ಒಂದು ಪಟ್ಟಿ ಬರೆದು ತಂದಿದ್ದ. ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವುದು, ಗುಡುಗುವ ಸೈಲೆನ್ಸರ್, ಅಗಲದ ದೊಡ್ಡ ಟಯರು, ಕಣ್ಣು ಕೋರೈಸುವ ಬಿಳಿ ದೀಪ. ನಾವು ಸಿಟ್ಟಾಗಲಿಲ್ಲ. ಅವನನ್ನು ನಮ್ಮ ಹಳೆಯ ಮೆಕ್ಯಾನಿಕ್ ಕಾಕನ ಬಳಿಗೆ ಕರೆದೊಯ್ದೆವು. ಕಾಕ ಪಟ್ಟಿ ಓದಿಸಿಕೊಂಡು, "ಮಗಾ, ಓಡಿಸುವುದಕ್ಕೆ ಎಲ್ಲ ಬರೆದಿದ್ದೀ. ನಿಲ್ಲಿಸುವುದಕ್ಕೆ ಏನು ಬರೆದಿದ್ದೀ?" ಎಂದು ಕೇಳಿದರು.

ಕತ್ತರಿಸಿದ ಸ್ಪ್ರಿಂಗ್ ನಮ್ಮ ಹೊಂಡದ ರಸ್ತೆಯಲ್ಲಿ ತಳಕ್ಕೆ ಬಡಿಯುತ್ತದೆ. ಚಕ್ರ ನೆಲ ಬಿಡುತ್ತದೆ. ಟಯರಿನ ಸುತ್ತಳತೆ ಶೇಕಡಾ 5 ಹೆಚ್ಚಾದರೆ, ಮೀಟರು 60 ತೋರಿಸುವಾಗ ಕಾರು 63ರಲ್ಲಿರುತ್ತದೆ. ಬಿಳಿ ದೀಪದಿಂದ ನಮಗೆ ಕಾಣುವುದಕ್ಕಿಂತ ಎದುರಿನವನಿಗೆ ಕಾಣದಾಗುವುದೇ ಹೆಚ್ಚು.

ಕಾನೂನೂ ಸ್ಪಷ್ಟವಾಗಿದೆ. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು ಅದು ಹೇಳಿತು. ಶಬ್ದ, ಹೊಗೆಯ ಮಿತಿ ಮೀರಿದವರಿಗೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು, ಲೈಸನ್ಸಿಗೂ ಕುತ್ತು. ಗಡಿಯಲ್ಲಿರುವ ನಮಗೆ ಇನ್ನೊಂದು ಎಚ್ಚರ ಬೇಕು. ಮಂಗಳೂರಿನಲ್ಲಿ ಕೊಂಡ ಕೆ.ಎ. 19 ನಂಬರಿನ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ತಲಪಾಡಿಯ ಈಚೆ ಇಟ್ಟುಕೊಳ್ಳುವುದಾದರೆ, ನಿರಾಕ್ಷೇಪಣಾ ಪತ್ರ ತಂದು, ತೆರಿಗೆ ಕಟ್ಟಿ, ಇಲ್ಲಿನ ನೋಂದಣಿ ಮಾಡಿಸಬೇಕು. ಅಣ್ಣ ಅಂದು ಅಲೆದಾಡಿ ಕೆ.ಎಲ್. 14 ಮಾಡಿಸಿದ್ದ. ಅದರಿಂದಾಗಿ ಇಂದು ನಮಗೆ ನಿದ್ದೆ ಬರುತ್ತದೆ.

ಹಾಗಾದರೆ ಏನೂ ಮಾಡಬಾರದೇ? ಮಾಡಬಹುದು, ಮಾಡಿದ್ದೇವೆ. ಒಳ್ಳೆಯ ದರ್ಜೆಯ ಬ್ರೇಕ್ ಪ್ಯಾಡ್, ಮೂಲ ಅಳತೆಯದೇ ಹೊಸ ಟಯರು, ಸೋರುತ್ತಿದ್ದ ನಾಲ್ಕು ಶಾಕ್ ಅಬ್ಸಾರ್ಬರುಗಳಿಗೆ ಬದಲು ಹೊಸವು, ಸಸ್ಪೆನ್ಶನ್ನಿನ ಎಲ್ಲ ಬುಶ್‌ಗಳು. ಹೆಡ್‌ಲೈಟಿಗೆ ಮೂಲ ವ್ಯಾಟಿನ ಬಲ್ಬನ್ನೇ ಉಳಿಸಿ, ಪೂರ್ತಿ ವಿದ್ಯುತ್ ಸಿಗುವಂತೆ ರಿಲೇ ಹಾಕಿಸಿದೆವು. ಮಂಕಾಗಿದ್ದ ದೀಪ ಮತ್ತೆ ಬೆಳಗಿತು. ಕೆಲಸ ಮುಗಿದ ದಿನ ಕಾರು ಓಡಿಸಿ ನೋಡಿದ ಹುಡುಗ, "ಚಿಕ್ಕಪ್ಪಾ, ಇದು ಬೇರೆಯೇ ಕಾರು" ಎಂದ. ಬೇರೆ ಕಾರಲ್ಲ. 2003ರಲ್ಲಿ ಅದು ಹೇಗಿತ್ತೋ ಅದರ ಹತ್ತಿರಕ್ಕೆ ಬಂದಿತ್ತು.

ಕೊನೆಗೆ ಆದದ್ದು

ಲೆಕ್ಕವನ್ನೂ ಹೇಳಬೇಕು. ಹದಿನೈದು ವರ್ಷ ಮೀರಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2018ರಲ್ಲಿ ನಾವು ಕಟ್ಟಿದ ಶುಲ್ಕ ಕೆಲವು ನೂರು. 2022ರ ಏಪ್ರಿಲ್‌ನಿಂದ ಅದು 5,000 ರೂಪಾಯಿಯಾಯಿತು. ಇಪ್ಪತ್ತು ವರ್ಷ ಮೀರಿದವುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ತೆರಿಗೆ, ತಪಾಸಣೆ, ವಿಮೆ ಬೇರೆ. ಮಕ್ಕಳ ಶಾಲೆಯ ಫೀಸಿಗೆ ಕಷ್ಟವಿರುವ ಮನೆಯವರು ಇಂತಹ ಕಾರಿನ ಆಸೆ ಬಿಡುವುದೇ ಜಾಣತನ. ಬಿಡುವುದಾದರೂ ರಸ್ತೆಬದಿಯ ಗುಜರಿಯವನಿಗೆ ಹಾಗೆಯೇ ಕೊಡಬಾರದು. ಸರಕಾರದಲ್ಲಿ ನೋಂದಾಯಿತ ಕೇಂದ್ರಕ್ಕೆ ಕೊಟ್ಟು, ಪ್ರಮಾಣಪತ್ರ ಪಡೆದು, ನೋಂದಣಿ ರದ್ದು ಮಾಡಿಸಬೇಕು. ಇಲ್ಲವಾದರೆ ನಿಮ್ಮ ಹೆಸರಿನ ನಂಬರು ಯಾವುದೋ ಕಾರಿನ ಮೇಲೆ ಓಡಾಡೀತು.

ಕೀಲಿಕೈಯ ತೀರ್ಮಾನ ಹೀಗಾಯಿತು. ಒಂದು ವರ್ಷ ಹುಡುಗ ಶನಿವಾರಗಳಲ್ಲಿ ಕಾಕನ ಗ್ಯಾರೇಜಿನಲ್ಲಿ ಕೈಗೆ ಗ್ರೀಸ್ ಮಾಡಿಕೊಳ್ಳಬೇಕು. ನೋಟ್‌ಬುಕ್ಕನ್ನು ಅವನೇ ಬರೆಯಬೇಕು. ಬದಿಯಲ್ಲಿ ನಮ್ಮಲ್ಲೊಬ್ಬರು ಕುಳಿತರೆ ಮಾತ್ರ ಓಡಿಸಬೇಕು. ಅಣ್ಣನೂ ಒಪ್ಪಿದ.

ಕಳೆದ ತಿಂಗಳು ಮುಂದಿನ ಬ್ರೇಕ್ ಪ್ಯಾಡುಗಳನ್ನು ಅವನೇ ಬಿಚ್ಚಿ, ಅವನೇ ಜೋಡಿಸಿದ. ಕಾಕ ಒಂದೊಂದೇ ನಟ್ಟು ಮುಟ್ಟಿ ನೋಡಿ ತಲೆಯಾಡಿಸಿದರು. ಸಂಜೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಮನೆಯ ಇಳಿಜಾರಿನ ತುದಿಯಲ್ಲಿ ಹುಡುಗ ಕಾರನ್ನು ಕ್ಷಣಕಾಲ ನಿಲ್ಲಿಸಿ, ಬ್ರೇಕನ್ನು ಎರಡು ಸಲ ಒತ್ತಿ ನೋಡಿ, ಗೇರನ್ನು ಒಂದಕ್ಕೆ ಹಾಕಿಕೊಂಡ. ಯಾರೂ ಅವನಿಗೆ ಹೇಳಿರಲಿಲ್ಲ. ಬದಿಯಲ್ಲಿದ್ದ ನಮಗೆ ಆಗ ಸಂಪಾಜೆ ನೆನಪಾಯಿತು. ಗುಜರಿಯ ಮಾತು ಆಮೇಲೆ ನಮ್ಮ ಮನೆಯಲ್ಲಿ ಬಂದಿಲ್ಲ.