ನಿದ್ರೆಯ ಕೊರತೆ ಮತ್ತು ವ್ಯಾಪಾರದ ನಿರ್ಧಾರಗಳು

ಪ್ರತಿ ತಿಂಗಳ 11 ಹಾಗೂ 20ನೆಯ ತಾರೀಖು ಸಮೀಪಿಸಿತೆಂದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಸಲುವಾಗಿ ಎಷ್ಟೋ ಅಂಗಡಿಗಳ ಹಿಂದಿನ ಕೋಣೆಯಲ್ಲಿ ಮಧ್ಯರಾತ್ರಿಯವರೆಗೆ ದೀಪ ಉರಿಯುತ್ತಿರುತ್ತದೆ. ಹಗಲು ಗಿರಾಕಿಗಳು, ಸಂಜೆ ವಸೂಲಿ, ರಾತ್ರಿ ಲೆಕ್ಕಪತ್ರ ಎಂಬ ಕ್ರಮ ನಮ್ಮ ವರ್ತಕ ಬಂಧುಗಳಿಗೆ ರೂಢಿಯಾಗಿಹೋಗಿದೆ. ಕಡಿಮೆ ನಿದ್ರೆಯನ್ನು ಕಾರ್ಯದಕ್ಷತೆಯ ಲಕ್ಷಣವೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರೂ ಉಂಟು. ಆದರೆ ನಿದ್ರೆಗೆಟ್ಟವನಲ್ಲಿ ಕೂಡುವ ಕಳೆಯುವ ಶಕ್ತಿ ಬಹುಮಟ್ಟಿಗೆ ಉಳಿದಿರುವಾಗಲೇ ವಿವೇಚನಾಶಕ್ತಿ ಕುಂದತೊಡಗುತ್ತದೆ ಎಂಬುದನ್ನು ವ್ಯಾಪಾರಸ್ಥರು ಗಮನಿಸಬೇಕು.

ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಹ್ಯಾರಿಸನ್ ಮತ್ತು ಹಾರ್ನ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮಗೆ ನೇರವಾಗಿ ಸಂಬಂಧಿಸಿದ್ದಾಗಿದೆ. ಸುಮಾರು ಒಂದೂವರೆ ದಿನ ನಿದ್ರೆಯಿಲ್ಲದೆ ಕಳೆದವರಿಗೆ, ಸರಕೊಂದರ ಮಾರಾಟ ಹೆಚ್ಚಿಸಿ ಲಾಭ ಗಳಿಸುವ ಕಂಪ್ಯೂಟರ್ ಆಟವನ್ನು ಆಡಲು ಕೊಡಲಾಯಿತು. ಓದಿದ್ದನ್ನು ಗ್ರಹಿಸಿ ವಿಮರ್ಶಿಸುವ ಪರೀಕ್ಷೆಯಲ್ಲಿ ಅವರು ಹಿಂದೆ ಬೀಳಲಿಲ್ಲ. ಆದರೆ ಆಟ ಮುಂದುವರಿದು ಹೊಸ ಉಪಾಯ ಅವಶ್ಯವಾದಾಗ ಹಳೆಯ ತಂತ್ರಕ್ಕೇ ಅಂಟಿಕೊಂಡರು. ಅವರ ವ್ಯವಹಾರ ಕುಸಿಯಿತು. ಮಾರಾಟವಾಗದ ದಾಸ್ತಾನಿನ ಮೇಲೆ ಮತ್ತಷ್ಟು ಖರೀದಿ ಮಾಡುವುದು, ಹಿಂದಿನ ಬಾಕಿ ತೀರಿಸದವರಿಗೇ ಪುನಃ ಉದ್ರಿ ಕೊಡುವುದು ಇಂಥವನ್ನು ಲೆಕ್ಕಪರಿಶೋಧಕರು ದಿನನಿತ್ಯ ಕಾಣುತ್ತೇವೆ. ಇವೆಲ್ಲಕ್ಕೂ ನಿದ್ರೆಗೇಡೇ ಕಾರಣವೆಂದು ಹೇಳಲಾಗದು. ಆದರೂ ಇಂಥ ಆದೇಶಗಳಿಗೆ ಸಹಿ ಬೀಳುವ ಹೊತ್ತು ಯಾವುದೆಂದು ವಿಚಾರಿಸುವುದು ತಪ್ಪೇನಲ್ಲ.

ಸಿಂಗಪುರದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಒಂದು ರಾತ್ರಿ ನಿದ್ರೆಗೆಟ್ಟವರು ನಷ್ಟ ತಪ್ಪಿಸಿಕೊಳ್ಳುವುದಕ್ಕಿಂತ ಲಾಭ ಹೆಚ್ಚಿಸಿಕೊಳ್ಳುವತ್ತ ವಾಲಿದ್ದು ಕಂಡುಬಂದಿತು. ಸಟ್ಟಾ ವ್ಯವಹಾರದಲ್ಲಿ ಆಸಕ್ತಿಯುಳ್ಳವರು ಇದನ್ನು ಎರಡು ಬಾರಿ ಓದುವುದೊಳಿತು.

‘ನನಗೆ ಆರು ಗಂಟೆ ಸಾಕು, ಅಭ್ಯಾಸವಾಗಿದೆ’ ಎನ್ನುವವರಿಗೂ ಉತ್ತರವಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2003ರ ಪ್ರಯೋಗದಲ್ಲಿ 14 ದಿನ ರಾತ್ರಿಗೆ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿದವರ ಮನಸ್ಸಿನ ಚುರುಕು, ಎರಡು ರಾತ್ರಿ ಪೂರ್ತಿ ಎಚ್ಚರವಿದ್ದವರ ಮಟ್ಟಕ್ಕೆ ಇಳಿದಿತ್ತು. ಆದರೆ ತಮ್ಮ ಸಾಮರ್ಥ್ಯ ದಿನೇದಿನೇ ಕುಗ್ಗುತ್ತಿರುವುದು ಅವರ ಅರಿವಿಗೇ ಬಂದಿರಲಿಲ್ಲ.

ದೇಹದ ಮೇಲಿನ ಪರಿಣಾಮವೂ ಶೀಘ್ರವಾದುದೇ. 1999ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ 11 ಮಂದಿ ಆರೋಗ್ಯವಂತ ಯುವಕರಿಗೆ ಆರು ರಾತ್ರಿ ತಲಾ ನಾಲ್ಕು ಗಂಟೆ ಮಾತ್ರ ಮಲಗಲು ಅವಕಾಶವಿತ್ತಾಗ, ರಕ್ತದ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಗಣನೀಯವಾಗಿ ಕುಂದಿತು. ವರ್ಷಗಟ್ಟಲೆ ಕಡಿಮೆ ನಿದ್ರೆ ಮಾಡುವವರಲ್ಲಿ ಮಧುಮೇಹ, ರಕ್ತದೊತ್ತಡ ಹೆಚ್ಚಾಗಿ ಕಂಡುಬರುತ್ತವೆ.

ಸರಕು ಸಾಗಣೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. 17 ಗಂಟೆ ಸತತ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಾಣಿಕೆಯು ರಕ್ತದಲ್ಲಿ ಶೇ. 0.05ರಷ್ಟು ಮದ್ಯಾಂಶವಿರುವವನಿಗೆ ಸಮನಾಗಿರುತ್ತದೆಂದು ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದರು. ನಮ್ಮ ಮೋಟಾರು ವಾಹನ ಕಾಯಿದೆಯ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅಂದರೆ ಶೇ. 0.03. ಬೆಳಿಗ್ಗೆ ಐದಕ್ಕೆ ಎದ್ದು ಹಗಲೆಲ್ಲ ಲೋಡಿಂಗ್‌ಗೆ ಕಾದ ಚಾಲಕನು ರಾತ್ರಿ ಹತ್ತಕ್ಕೆ ಲಾರಿ ಹೊರಡಿಸಿದರೆ, ಹನಿ ಮದ್ಯ ಮುಟ್ಟದೆಯೂ ಅವನ ಸ್ಥಿತಿ ಈ ಮಿತಿಯನ್ನು ಮೀರಿರುತ್ತದೆ. ತಪಾಸಣೆಯ ಯಂತ್ರಕ್ಕೆ ಅದು ಕಾಣದು. ಲೋಡಿಂಗ್ ತಡವಾದ ದಿನ ವಾಹನವನ್ನು ಬೆಳಗಿನವರೆಗೆ ತಡೆಯುವ ಅಧಿಕಾರ ಮಾಲೀಕರ ಕೈಯಲ್ಲಿದೆ. ಒಂದು ದಿನದ ಬಾಡಿಗೆಗಿಂತ ಅಪಘಾತದ ವೆಚ್ಚ ಎಷ್ಟೋ ಪಾಲು ಹೆಚ್ಚು.

ಚಹಾ, ಕಾಫಿ ಕೊರತೆಯನ್ನು ಮರೆಮಾಚುತ್ತವೆಯೇ ಹೊರತು ತೀರಿಸುವುದಿಲ್ಲ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲಿರುತ್ತದೆ. ಆದ್ದರಿಂದ ಸಂಜೆ ಏಳರ ಲೋಟ ಮಧ್ಯರಾತ್ರಿಯ ನಿದ್ರೆಗೆ ಅಡ್ಡಿ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ರೆ ಬೇಕೆಂದು ತಜ್ಞರು ಹೇಳುತ್ತಾರೆ. ದೊಡ್ಡ ಮೊತ್ತದ ಚೆಕ್ಕು, ಉದ್ರಿ ಮಂಜೂರಾತಿ, ಕರಾರುಗಳಿಗೆ ರಾತ್ರಿ ಸಹಿ ಹಾಕದಿರುವ ನಿಯಮವನ್ನು ಸಂಸ್ಥೆಗಳು ಮಾಡಿಕೊಳ್ಳಬಹುದು. ರಿಟರ್ನ್ ಕೆಲಸವನ್ನು ವಾರಕ್ಕೊಮ್ಮೆ ಬಿಲ್ಲುಗಳನ್ನು ಹೊಂದಿಸಿ ಹಗುರಗೊಳಿಸಿಕೊಳ್ಳಬಹುದು. ಏಳೆಂಟು ಗಂಟೆ ಮಲಗಿದರೂ ಗಲ್ಲಾಪೆಟ್ಟಿಗೆಯ ಮುಂದೆ ತೂಕಡಿಸುವವರು, ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರುಗಟ್ಟಿದಂತಾಗಿ ಎಚ್ಚರಗೊಳ್ಳುವವರು, ವೈದ್ಯರಲ್ಲಿ ಸ್ಲೀಪ್ ಆಪ್ನಿಯಾ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಇದಕ್ಕೆ ಚಿಕಿತ್ಸೆಯಿದೆ.