ಗಂಟೆಯಿಲ್ಲದ ಕಾರ್ಖಾನೆ

ಕಾಗವಾಡ ತಾಲ್ಲೂಕಿನ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಚಿಕ್ಕೋಡಿ, ಅಥಣಿ, ರಾಯಬಾಗ ಸೀಮೆಯಲ್ಲಿಯೂ ಸಕ್ಕರೆಯ ಗಿರಣಿಗಳುಂಟು. ಅಲ್ಲಿ ದುಡಿಯುವವರಿಗೆ ಪಾಳಿಯ ಲೆಕ್ಕವಿರುತ್ತದೆ. ಪಾಳಿ ಮುಗಿದ ಬಳಿಕ ಹೊತ್ತು ಅವರದು. ಇದೇ ಸೀಮೆಯ ನಿಪ್ಪಾಣಿಯಲ್ಲಿ ಗಂಟೆಯಾಗಲಿ ಮೇಲ್ವಿಚಾರಕನಾಗಲಿ ಇಲ್ಲದ ಇನ್ನೊಂದು ಉದ್ಯೋಗವಿದೆ. ಅದೇ ಮನೆಯಲ್ಲಿ ಕುಳಿತು ಬೀಡಿ ಕಟ್ಟುವುದು.

ಗುತ್ತಿಗೆದಾರನಿಂದ ಎಲೆ, ತಂಬಾಕು ಮನೆಗೆ ಬರುತ್ತವೆ. ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ತಂಬಾಕು ತುಂಬಿ ಸುರುಳಿ ಸುತ್ತಿ, ದಾರ ಕಟ್ಟಿ, ತುದಿ ಮಡಚಬೇಕು. ಕೂಲಿ ಗಂಟೆಗಲ್ಲ, ಸಾವಿರ ಬೀಡಿಗೆ ಇಷ್ಟೆಂದು. ಅಡಿಗೆ ಮುಗಿಸಿ ಕೂಡಬಹುದು, ಮಗು ಅತ್ತರೆ ಏಳಬಹುದು. ಮನೆ ಬಿಟ್ಟು ಹೋಗಲಾರದ ಹೆಣ್ಣುಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಈ ಅನುಕೂಲಕ್ಕೆ ಬೆಲೆಯುಂಟು. ಮಗುವಿಗಾಗಿ ಎದ್ದ ಹೊತ್ತನ್ನು ರಾತ್ರಿ ದೀಪದ ಕೆಳಗೆ ತುಂಬಿಕೊಳ್ಳಬೇಕು. ಎಲೆ ಹರಕಾಗಿದ್ದರೆ ಕೊರತೆ ಕಟ್ಟುವವಳ ತಲೆಗೆ ಬರುವುದುಂಟು. ಸರಿಯಿಲ್ಲವೆಂದು ಬೇರ್ಪಡಿಸಿದ ಬೀಡಿಗೆ ಕೂಲಿ ದೊರೆಯದಿರುವುದೂ ಉಂಟು. ತಂಬಾಕಿನ ಧೂಳು ಮಲಗುವ ಕೋಣೆಯಲ್ಲಿಯೇ ಉಳಿಯುತ್ತದೆ. ಮಕ್ಕಳ ಕೈಯೂ ಕೆಲಸಕ್ಕೆ ಸೇರಿದರೆ ಹೊರಗಿನವರಿಗೆ ಕಾಣದು.

ಹಾಗಾದರೆ ಇವಳು ಕಾರ್ಮಿಕಳೋ, ಬಿಡುವಿನಲ್ಲಿ ಕೈಕೆಲಸ ಮಾಡುವ ಗೃಹಿಣಿಯೋ? 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟಿತು: ಮಾಲೀಕನಿಂದಲೋ ಗುತ್ತಿಗೆದಾರನಿಂದಲೋ ಕಚ್ಚಾ ಮಾಲು ಪಡೆದು ಮನೆಯಲ್ಲಿ ಬೀಡಿ ಮಾಡುವವರೂ ನೌಕರರೇ. ಈ ಕಾಯ್ದೆಯನ್ನು ಪ್ರಶ್ನಿಸಿದ ಮಂಗಳೂರಿನ ಬೀಡಿ ಉದ್ಯಮವೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಅದನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣನಿಧಿಯ ಕಾಯ್ದೆಯೂ ಬಂದಿತು. 2025ರ ನವೆಂಬರ್ 21ರಿಂದ 1966ರ ಕಾಯ್ದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆ ಜಾರಿಯಲ್ಲಿದೆ.

ಕಾಯ್ದೆ ಮನೆಯ ಹೊಸ್ತಿಲು ದಾಟಬೇಕಾದರೆ ಕಾರ್ಮಿಕಳ ಹೆಸರು ಪುಸ್ತಕದಲ್ಲಿರಬೇಕು. ಹೆಸರಿಲ್ಲದಿದ್ದರೆ ಭವಿಷ್ಯನಿಧಿಯನ್ನು ಕೇಳುವುದಕ್ಕೂ ಆಧಾರವಿಲ್ಲ. ಅದರ ಜೊತೆಗೆ ಒಗ್ಗಟ್ಟೂ ಬೇಕು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿದ ಬಗೆಯನ್ನು ‘ಯುಗಾಂತರ’ ತಂಡದವರು 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿದರು. ಒಂದೇ ಸೂರಿನಡಿ ದುಡಿಯುವವರು ಕಷ್ಟಸುಖ ಹಂಚಿಕೊಳ್ಳಬಲ್ಲರು. ಒಬ್ಬೊಬ್ಬರೇ ತಮ್ಮ ಮನೆಯಲ್ಲಿ ಕುಳಿತವರಿಗೆ ಅದು ಸುಲಭವಲ್ಲ.

2020ರ ಸಾಂಕ್ರಾಮಿಕದ ಕಾಲದಲ್ಲಿ ಕಛೇರಿಯ ನೌಕರರೂ ಮನೆಯಿಂದ ದುಡಿದರು. ಹೊತ್ತಿನ ಸ್ವಾತಂತ್ರ್ಯ ಬಂತೆಂದು ಹಿಗ್ಗಿದ ಅನೇಕರಿಗೆ ದುಡಿಮೆಗೂ ಬಿಡುವಿಗೂ ನಡುವಿನ ಗೆರೆ ಅಳಿಸಿದ್ದು ಆಮೇಲೆ ತಿಳಿಯಿತು. ಬೀಡಿ ಕಟ್ಟುವ ತಾಯಂದಿರಿಗೆ ಅದು ಹಳೆಯ ಸಂಗತಿ. ಹೊತ್ತು ಯಾರ ಕೈಯಲ್ಲಿದೆ ಎಂದು ಕೇಳಿದರೆ ಸಾಲದು. ದರ ಯಾರ ಕೈಯಲ್ಲಿದೆ, ನಷ್ಟ ಯಾರ ಪಾಲಿಗೆ ಎಂದೂ ಕೇಳಬೇಕು. ಈ ಎರಡು ಪ್ರಶ್ನೆಗಳಿಗೆ ನ್ಯಾಯವಾದ ಉತ್ತರ ದೊರೆತಲ್ಲಿ ಮಾತ್ರ ಮನೆಯ ದುಡಿಮೆ ನಿಜವಾದ ಅನುಕೂಲವೆನಿಸುತ್ತದೆ.